ಎಷ್ಟರಲ್ಲಿ ಎಷ್ಟು? ಸಂಶೋಧನೆಯ ಅಂಕಿಗಳನ್ನು ಓದುವ, ಓದಿಸುವ ಬಗೆ

(ರಾಯಚೂರಿನಲ್ಲಿ ಸಮಾಜ ವಿಜ್ಞಾನ ಮತ್ತು ಕೃಷಿ ವಿಷಯಗಳ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದತ್ತಾಂಶ ವಿಶ್ಲೇಷಣೆ ಅಂದ ಕೂಡಲೇ ಎಸ್‌ಪಿಎಸ್‌ಎಸ್ ಅನ್ನೋ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಯಾವ ಬಟನ್ ಒತ್ತಬೇಕು, ಎಕ್ಸೆಲ್‌ನಲ್ಲಿ ಯಾವ ಫಾರ್ಮುಲಾ ಹಾಕಬೇಕು ಅಂತ ತಿಳಿಯೋಕೆ ಬಂದವರೇ ಇಲ್ಲಿ ಹೆಚ್ಚು ಇರಬೇಕು. ಅದನ್ನು ಕಲಿಸುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ, ನನಗಿಂತ ಚೆನ್ನಾಗಿಯೇ ಕಲಿಸುತ್ತವೆ. ನಾನು ಮಾತಾಡೋದು ಬಟನ್ ಒತ್ತುವ ಮೊದಲು ಮತ್ತು ಒತ್ತಿದ ಮೇಲೆ ಮಾಡಬೇಕಾದ ಕೆಲಸದ ಬಗ್ಗೆ. ಅದೆಲ್ಲ ಸೇರಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಯಾವುದೇ ಅಂಕಿ ಕಣ್ಣಿಗೆ ಬಿದ್ದರೂ ಕೇಳಿಕೊಳ್ಳಿ: ಎಷ್ಟರಲ್ಲಿ ಎಷ್ಟು?

ಈ ಶಾಸ್ತ್ರ ನಮ್ಮ ಸೀಮೆಗೆ ದೂರದ್ದೇನಲ್ಲ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಹೂವಿನಹಡಗಲಿಯಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಹಡಗಲಿಯ ಮಲ್ಲಿಗೆ ಗೊತ್ತಿರುವವರಲ್ಲಿ ರಾವ್ ಗೊತ್ತಿರುವವರು ಎಷ್ಟು ಜನ ಅಂತ ಕೇಳಿದರೆ ಇಲ್ಲಿ ಎಷ್ಟು ಕೈ ಏಳುತ್ತವೋ ನೋಡಬೇಕು. ಅವರು ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, 1945ರಲ್ಲಿ, ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಇವತ್ತು ಕ್ರಾಮೆರ್–ರಾವ್ ಮಿತಿ ಅಂತ ಕರೆಯುವ ಫಲಿತಾಂಶ ಅದರಲ್ಲಿದೆ. ಸೂತ್ರ ಪಕ್ಕಕ್ಕಿಡಿ. ತಾತ್ಪರ್ಯ ಇಷ್ಟು: ಕೈಯಲ್ಲಿರುವ ದತ್ತಾಂಶ ಇಂತಿಷ್ಟೇ ಅಂದಮೇಲೆ, ಒಂದು ಕಡೆಗೆ ವಾಲದ ಅಂದಾಜನ್ನು ಎಂಥ ಜಾಣ ವಿಧಾನದಿಂದ ಮಾಡಿದರೂ ಅದರ ನಿಖರತೆ ಒಂದು ಗೆರೆ ದಾಟುವುದಿಲ್ಲ. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷದ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ, ತೀರಿಕೊಂಡರು.

ಆ ಗೆರೆಯ ಅರಿವೇ ನಮ್ಮ ಎಷ್ಟೋ ಥೀಸಿಸ್‌ಗಳಲ್ಲಿ ಇರೋದಿಲ್ಲ. 12 ಮಹಿಳೆಯರನ್ನು ಸಂದರ್ಶಿಸಿರುತ್ತಾರೆ, 8 ಜನ 'ಹೌದು' ಅಂದಿರುತ್ತಾರೆ. ಕೋಷ್ಟಕದಲ್ಲಿ ಅದು ಶೇ. 66.67 ಆಗಿ ಕೂತಿರುತ್ತದೆ. ಅವರಲ್ಲಿ ಒಬ್ಬಾಕೆ ಆವತ್ತು ಬೇರೆ ಮನಸ್ಸಲ್ಲಿದ್ದು 'ಇಲ್ಲ' ಅಂದಿದ್ದರೆ ಅದೇ ಅಂಕಿ 58.33. ಒಬ್ಬರು ತಲೆ ಅಲ್ಲಾಡಿಸಿದರೆ ಎಂಟು ಅಂಶ ಅಲ್ಲಾಡುವ ಲೆಕ್ಕಕ್ಕೆ ದಶಾಂಶದ ಮುಂದೆ ಎರಡು ಸ್ಥಾನ ಯಾಕೆ ಬೇಕು? '12 ಜನರಲ್ಲಿ 8 ಜನ' ಅಂತ ಬರೆದರೆ ಓದುವವರಿಗೆ ಎಲ್ಲವೂ ತಿಳಿಯುತ್ತದೆ. ಆದರೆ ಹಾಗೆ ಬರೆದರೆ ಸಂಶೋಧನೆ ಚಿಕ್ಕದಾಗಿ ಕಾಣುತ್ತೆ ಅನ್ನೋ ಭಯ. ಚಿಕ್ಕದೇ ಇದ್ದರೆ ಚಿಕ್ಕದಾಗಿ ಕಾಣಲಿ ಬಿಡಿ.

ಇನ್ನು ಹೊಲಕ್ಕೆ ಹೋಗೋಣ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಭತ್ತ ಎಷ್ಟು ಬಂತು ಅಂತ ಕೇಳಿ. "ಎಕರೆಕ್ಕ ನಲವತ್ತು ಚೀಲ ಆಗ್ಯಾವ್ರಿ" ಅಂತಾರೆ. ಕ್ವಿಂಟಲ್ ಮಾತೇ ಬರೋದಿಲ್ಲ. ಇಲ್ಲಿ ಭತ್ತದ ಚೀಲ ಅಂದರೆ 75 ಕಿಲೊ. ಅಂದರೆ ನಲವತ್ತು ಚೀಲಕ್ಕೆ 30 ಕ್ವಿಂಟಲ್. ನಿಮ್ಮ ಪ್ರಶ್ನಾವಳಿಯಲ್ಲಿ ಕಾಲಂ ಇರೋದು 'ಇಳುವರಿ, ಕ್ವಿಂಟಲ್‌ಗಳಲ್ಲಿ' ಅಂತ. ಬಿಸಿಲಲ್ಲಿ ನಿಂತು ಬರೆದುಕೊಳ್ಳುತ್ತಿರುವ ಹುಡುಗ ಸುಮ್ಮನೆ 40 ಅಂತ ಗೀಚಿಕೊಂಡ. ಸಂಜೆ ಅದು ಲ್ಯಾಪ್‌ಟಾಪ್ ಸೇರಿತು. ಸರಕಾರಿ ಅಂಕಿಗಳು ಹೆಕ್ಟೇರ್‌ಗೆ ಇಷ್ಟು ಕಿಲೊ ಅನ್ನುವ ಲೆಕ್ಕದಲ್ಲಿ ಇರುತ್ತವೆ, ಹೆಕ್ಟೇರ್ ಅಂದರೆ 2.47 ಎಕರೆ. ನಿಜವಾದ 30 ಕ್ವಿಂಟಲ್ ಹೆಕ್ಟೇರ್‌ಗೆ 7,410 ಕಿಲೊ ಆಗಬೇಕಿತ್ತು, ನಿಮ್ಮ 40 ಅಲ್ಲಿ 9,880 ಆಗಿ ಕೂತಿತು.

ಎಲ್ಲರೂ ಹೀಗೆ ಬರೆದಿದ್ದರೆ ಎಲ್ಲೋ ಒಂದು ಕಡೆ ಅನುಮಾನ ಬಂದು ಸರಿಪಡಿಸಬಹುದಿತ್ತು. ತಾಪತ್ರಯ ಆಗೋದು ಇಬ್ಬರು ಸಹಾಯಕರನ್ನು ಕಳಿಸಿದಾಗ. ಒಬ್ಬ ರೈತರ ಮನೆಯ ಹುಡುಗ, ಚೀಲವನ್ನು ಮನಸ್ಸಲ್ಲೇ ಕ್ವಿಂಟಲ್ ಮಾಡಿ ಬರೆದ. ಇನ್ನೊಬ್ಬ ಪಟ್ಟಣದವನು, ಕೇಳಿದ್ದನ್ನು ಹಾಗೇ ಬರೆದ. ಇಬ್ಬರೂ ಬೇರೆಬೇರೆ ಊರಿಗೆ ಹೋಗಿದ್ದರು. ವಿಶ್ಲೇಷಣೆಯಲ್ಲಿ 'ಎರಡು ಗ್ರಾಮಗಳ ಇಳುವರಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿದೆ' ಅಂತ ಬಂತು. ಪರೀಕ್ಷೆ ಸರಿಯಾಗಿಯೇ ಇದೆ, ಪಿ-ಮೌಲ್ಯವೂ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಚೆನ್ನಾಗಿದೆ. ವ್ಯತ್ಯಾಸ ಮಾತ್ರ ಊರುಗಳದ್ದಲ್ಲ, ಹುಡುಗರದ್ದು. ಆಮೇಲೆ ಅಧ್ಯಾಯದ ಕೊನೆಗೆ ಮಣ್ಣಿನ ಫಲವತ್ತತೆ, ವಿಸ್ತರಣಾ ಸೇವೆ ಅಂತ ಕಾರಣಗಳ ದೊಡ್ಡ ಪಟ್ಟಿ! ಪರಿಹಾರ ಸುಲಭದ್ದೇ. ರೈತರು ಯಾವ ಅಳತೆಯಲ್ಲಿ ಹೇಳುತ್ತಾರೋ ಅದೇ ಅಳತೆಯಲ್ಲಿ ಬರೆದುಕೊಳ್ಳಿ, ಅಳತೆಗೆಂದೇ ಪಕ್ಕದಲ್ಲಿ ಇನ್ನೊಂದು ಕಾಲಂ ಇಡಿ, ಯಾರು ಬರೆದದ್ದು ಅನ್ನೋದಕ್ಕೂ ಒಂದು ಕಾಲಂ ಇರಲಿ. ಪರಿವರ್ತನೆ ಮೇಜಿನ ಮೇಲೆ ನಡೆಯಲಿ, ಹೊಲದ ಬದುವಿನ ಮೇಲೆ ಬೇಡ.

ಇನ್ನು ಮಾದರಿಯ, ಅಂದರೆ ಎಲ್ಲರ ಪರವಾಗಿ ಯಾರನ್ನು ಆರಿಸಿ ಕೇಳೋದು ಅನ್ನೋದರ, ಮಾತು. ಪಹಣಿ ಹಿಡಿದು ರೈತರನ್ನು ಆರಿಸಿದರೆ ಸಿಗೋದು ಮಾಲೀಕರು, ಲೀಜಿಗೆ ಹಾಕಿಕೊಂಡು ಉಳುವವರು ಪಹಣಿಯಲ್ಲಿ ಇರೋದಿಲ್ಲ. ಇದು ಎಲ್ಲರಿಗೂ ಗೊತ್ತಿರೋದೇ. ಅದಕ್ಕಿಂತ ಕಷ್ಟದ್ದು ಬೀಗ ಹಾಕಿದ ಮನೆ. ದೇವದುರ್ಗ, ಲಿಂಗಸುಗೂರು ಕಡೆಯ ಒಣಬೇಸಾಯದ ಊರುಗಳಿಗೆ ಸುಗ್ಗಿ ಮುಗಿದ ಮೇಲೆ ಹೋಗಿ ನೋಡಿ. ಬೆಂಗಳೂರು, ಹೈದರಾಬಾದ್, ಪುಣೆ ಅಂತ ಜನ ಗುಳೆ ಹೋಗಿರುತ್ತಾರೆ. ನೀವು ಆರಿಸಿದ ಮನೆಗೆ ಬೀಗ. ಎಲ್ಲರೂ ಮಾಡೋದು ಏನು? ಪಕ್ಕದ ಮನೆ ಬಾಗಿಲು ತಟ್ಟೋದು. ಬಾಗಿಲು ತೆರೆದವರು ಗುಳೆ ಹೋಗದವರು, ಇಲ್ಲವೇ ಮೊಮ್ಮಕ್ಕಳನ್ನು ನೋಡಿಕೊಂಡು ಉಳಿದ ಅಜ್ಜ ಅಜ್ಜಿ. ಹೀಗೆ ತುಂಬಿದ ಪ್ರಶ್ನಾವಳಿಗಳಿಂದ ವಲಸೆಯ ಪ್ರಮಾಣ ಲೆಕ್ಕ ಹಾಕುತ್ತೀರಿ. ವಲಸೆ ಹೋದವರನ್ನು ಬಿಟ್ಟು ವಲಸೆ ಅಳೆದ ಹಾಗಾಯಿತು. ಸಾಲ, ಮಕ್ಕಳ ಶಾಲೆ, ಉದ್ಯೋಗ ಖಾತರಿ ಕೆಲಸ, ಯಾವುದನ್ನು ಅಳೆದರೂ ಇದೇ ಕಥೆ. ಬೀಗ ಬಿದ್ದ ಮನೆ ದತ್ತಾಂಶದಲ್ಲಿ ಖಾಲಿ ಜಾಗ ಅಲ್ಲ, ಅದೇ ಒಂದು ದತ್ತಾಂಶ. ಎಷ್ಟು ಮನೆ ಬೀಗ ಇತ್ತು, ಯಾವ ಓಣಿಯಲ್ಲಿ, ಯಾವ ತಿಂಗಳಲ್ಲಿ ಅಂತ ಬರೆದಿಡಿ. ಆಗುವುದಿದ್ದರೆ ಯುಗಾದಿಗೋ ಊರ ಜಾತ್ರೆಗೋ ಮತ್ತೊಮ್ಮೆ ಹೋಗಿ, ಆಗ ಜನ ಊರಲ್ಲಿರುತ್ತಾರೆ. ಆಗದಿದ್ದರೆ, ನಿಮ್ಮ ನೂರು ಮನೆಗಳಲ್ಲಿ ಇಷ್ಟು ಬದಲಿ ಮನೆಗಳು ಅಂತ ಹೇಳಿಬಿಡಿ.

ನಮ್ಮ ಕಡೆಯ ಸಂಶೋಧಕರಿಗೇ ಮೀಸಲಾದ ಇನ್ನೊಂದು ತೊಡಕು ಗಡಿಗಳದ್ದು. 1991ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ ಸುಮಾರು 23 ಲಕ್ಷ. 2001ರಲ್ಲಿ 16.7 ಲಕ್ಷ. ಆರು ಲಕ್ಷ ಜನ ಎಲ್ಲಿ ಹೋದರು? ಎಲ್ಲೂ ಹೋಗಲಿಲ್ಲ, 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಇಲ್ಲಿ ಕೂತಿರುವ ನಿಮಗೆ ಇದು ನಗುವಂಥ ಮಾತು. ಆದರೆ ದೆಹಲಿಯಲ್ಲೋ ಮುಂಬೈಯಲ್ಲೋ ಕೂತು ಅಂತರ್ಜಾಲದಿಂದ ಎರಡು ಕೋಷ್ಟಕ ಇಳಿಸಿಕೊಂಡವರಿಗೆ ರಾಯಚೂರು ಖಾಲಿಯಾಗುತ್ತಿರುವ ಜಿಲ್ಲೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಹರಪನಹಳ್ಳಿಯಂತೂ ಇನ್ನೂ ಸೊಗಸು. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ತಾಲ್ಲೂಕು ಇದ್ದಲ್ಲೇ ಇದೆ, ಜಿಲ್ಲೆಗಳೇ ಅದರ ಸುತ್ತ ಓಡಾಡಿವೆ. ಹಾಗಾಗಿ ಕಾಲದಿಂದ ಕಾಲಕ್ಕೆ ಹೋಲಿಸುವವರು ಜಿಲ್ಲೆಯನ್ನು ನಂಬಬೇಡಿ, ತಾಲ್ಲೂಕು ಮಟ್ಟಕ್ಕೆ ಇಳಿದು ಮತ್ತೆ ಕೂಡಿಸಿ. ಹೆಸರುಗಳ ಮೇಲೂ ಕಣ್ಣಿರಲಿ: 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿ ಆಯಿತು. ಹಳೆಯ ಫೈಲಿನಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಎರಡನ್ನೂ ಜೋಡಿಸಲು ಹೋದರೆ ಕಂಪ್ಯೂಟರ್ ಏನೂ ಹೇಳದೆ ಒಂದು ಜಿಲ್ಲೆಯನ್ನೇ ನುಂಗಿಬಿಡುತ್ತದೆ.

ಛೇದದ, ಅಂದರೆ 'ಎಷ್ಟರಲ್ಲಿ' ಅನ್ನೋ ಅಂಕಿಯ, ವಿಷಯ ಬಂದಾಗ ಹೇಳಲೇಬೇಕು, ನಮ್ಮ ಕೈಯಲ್ಲಿರುವ ಪೂರ್ಣ ಜನಗಣತಿ 2011ರದ್ದು. 2021ರದ್ದು ನಡೆಯಲಿಲ್ಲ, ಮುಂದಿನದರ ಆಧಾರ ದಿನ 2027ರ ಮಾರ್ಚ್ 1. ತಲಾ ಇಷ್ಟು, ಲಕ್ಷಕ್ಕೆ ಇಷ್ಟು ಅಂತ ಇವತ್ತು ಬರೆಯುವ ಪ್ರತಿಯೊಂದು ಅಂಕಿಯ ಕೆಳಗೂ ಹಳೆಯ ಗಣತಿಯೋ ಅದರ ಮೇಲೆ ಕಟ್ಟಿದ ಅಂದಾಜೋ ಇದೆ. ಯಾವುದು ಅಂತ ಕೋಷ್ಟಕದ ಕೆಳಗೆ ಒಂದು ಸಾಲು ಬರೆಯಿರಿ.

ಅಳತೆಗೋಲೇ ಬದಲಾದಾಗ ಏನಾಗುತ್ತದೆ ಅನ್ನೋದಕ್ಕೆ ತುಂಗಭದ್ರಾ ಜಲಾಶಯಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಶುರುವಿನಲ್ಲಿ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬುತ್ತಾ ಬಂದು 2008ರ ಸಮೀಕ್ಷೆಯ ಪ್ರಕಾರ 100.855 ಆಯಿತು. 2016ರ ಸಮೀಕ್ಷೆಯ ಪ್ರಕಾರ 105.788. ಈ ಮೂರು ಬಿಂದುಗಳನ್ನು ಗ್ರಾಫಿನಲ್ಲಿ ಇಟ್ಟು ಗೆರೆ ಎಳೆದರೆ ಕೊನೆಯಲ್ಲಿ ಗೆರೆ ಮೇಲಕ್ಕೆ ಏಳುತ್ತದೆ. ಎಂಟು ವರ್ಷದಲ್ಲಿ ಸುಮಾರು 5 ಟಿಎಂಸಿಯಷ್ಟು ಹೂಳು ತಾನಾಗಿ ಎದ್ದು ಹೊರಟುಹೋಯಿತೇ? ಹೂಳೆತ್ತುವುದು ಎಷ್ಟು ಕಷ್ಟ ಅಂತ ಈ ಭಾಗದ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಏರಿದ್ದು ಜಲಾಶಯವಲ್ಲ, ಎರಡು ಸಮೀಕ್ಷೆಗಳ ನಡುವಿನ ಅಂತರ. ಇದರಿಂದ ನಾವು ಕಲಿಯಬೇಕಾದ್ದು ಒಂದಿದೆ: ಎರಡು ಅಳತೆಗಳ ನಡುವೆ 5 ಟಿಎಂಸಿ ಹೆಚ್ಚುಕಡಿಮೆ ಆಗಬಹುದಾದರೆ, ವರ್ಷಕ್ಕೆ ಹೂಳು ಇಷ್ಟು ಅಂತ ಮೂರು ದಶಾಂಶದವರೆಗೆ ಹೇಳುವ ಧೈರ್ಯ ಯಾರೂ ಮಾಡಬಾರದು. ಮೊದಲಿನ 133ರಿಂದ 2016ರವರೆಗಿನ ಒಟ್ಟು ಇಳಿಕೆ 27 ಟಿಎಂಸಿ ಅನ್ನೋದು ಗಟ್ಟಿಯಾದ ಮಾತು. 2008ರಿಂದ 2016ರವರೆಗೆ ಏನಾಯಿತು ಅನ್ನೋದಕ್ಕೆ ಈ ಎರಡು ಅಂಕಿಗಳು ಉತ್ತರ ಕೊಡಲಾರವು. ಯಾವ ಪ್ರಶ್ನೆಗೆ ನಿಮ್ಮ ದತ್ತಾಂಶ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಅಂತ ಬೇರ್ಪಡಿಸಿ ಬರೆದಿರಿ ಅಂದರೆ ಅರ್ಥೈಸುವ ಕೆಲಸ ಅರ್ಧ ಮುಗಿದಂತೆ.

ಎಸ್ಸೆಸ್ಸೆಲ್ಸಿ ಫಲಿತಾಂಶವೂ ಹೀಗೇ. ರಾಜ್ಯದ ಉತ್ತೀರ್ಣ ಪ್ರಮಾಣ 2023ರಲ್ಲಿ ಶೇ. 83.89, 2024ರಲ್ಲಿ ಶೇ. 73.40, 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಮಕ್ಕಳು ದಡ್ಡರಾಗುತ್ತಿದ್ದಾರೆ ಅಂತ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟವರು ಬಹಳ ಜನ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಕುಸಿಯಿತು ಅಂತ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದರು. ಮರುವರ್ಷ ಆ ಕೃಪಾಂಕ ಇಲ್ಲ. ಮೂರು ವರ್ಷ, ಮೂರು ನಿಯಮ. ಈ ಮೂರು ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವ ಮೊದಲು ಕೈ ಸ್ವಲ್ಪ ತಡೆಯಬೇಕು.

ಸರಾಸರಿಯ ಬಗ್ಗೆ ಒಂದೇ ಉದಾಹರಣೆ ಸಾಕು. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಭಾರತೀಯ ಮಾನಕದ ಗರಿಷ್ಠ ಮಿತಿ. ಒಂದು ಊರಲ್ಲಿ ಎರಡು ಬೋರು ಅಂತಿಟ್ಟುಕೊಳ್ಳಿ, ಒಂದರಲ್ಲಿ 0.5, ಇನ್ನೊಂದರಲ್ಲಿ 2.3. ಸರಾಸರಿ 1.4, ಊರು 'ಸುರಕ್ಷಿತ' ಕಾಲಂಗೆ ಹೋಯಿತು. 1.4 ಇರುವ ನೀರನ್ನು ಆ ಊರಲ್ಲಿ ಯಾರೂ ಕುಡಿಯುತ್ತಿಲ್ಲ. ಅಲ್ಲಿ ಕೇಳಬೇಕಾದ್ದು ಎರಡನೇ ಬೋರಿಗೆ ಎಷ್ಟು ಮನೆ ಬರುತ್ತವೆ ಅಂತ.

ಈಗ ಸ್ವಲ್ಪ ನಿಧಾನವಾಗಿ ನೋಡಬೇಕಾದ ಲೆಕ್ಕ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗ, ಕೊನೆಭಾಗ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ನೀರು ತುಂಬ, ಕೊನೆಭಾಗದಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಕಾಯ್ದುಕೊಳ್ಳಿ ಅಂತ ಪ್ರತಿ ವರ್ಷ ಧರಣಿ. ಭತ್ತವನ್ನು ನಾಟಿ ಮಾಡೋದು ಒಳ್ಳೆಯದೋ, ಕೂರಿಗೆಯಲ್ಲಿ ನೇರ ಬಿತ್ತೋದು ಒಳ್ಳೆಯದೋ ಅಂತ ಯಾರೋ ಸಂಶೋಧನೆಗೆ ಹೊರಟರು. ಈಗ ಹೇಳುವ ಅಂಕಿಗಳು ಲೆಕ್ಕ ತೋರಿಸಲೆಂದು ನಾನೇ ಇಟ್ಟುಕೊಂಡವು, ಎಲ್ಲೂ ಅಳೆದವಲ್ಲ. ಮೇಲ್ಭಾಗದಲ್ಲಿ ನೂರು ಹೊಲ: 80ರಲ್ಲಿ ನಾಟಿ, ಎಕರೆಗೆ ಸರಾಸರಿ 30 ಕ್ವಿಂಟಲ್. 20ರಲ್ಲಿ ಕೂರಿಗೆ, ಸರಾಸರಿ 31. ಕೊನೆಭಾಗದಲ್ಲೂ ನೂರು ಹೊಲ: ನೀರಿನ ಭರವಸೆ ಇಲ್ಲದ್ದರಿಂದ ಅಲ್ಲಿ 20ರಲ್ಲಿ ಮಾತ್ರ ನಾಟಿ, ಸರಾಸರಿ 18. 80ರಲ್ಲಿ ಕೂರಿಗೆ, ಸರಾಸರಿ 20. ಮೇಲ್ಭಾಗದಲ್ಲಿ ಯಾವುದು ಮೇಲು? ಕೂರಿಗೆ. ಕೊನೆಭಾಗದಲ್ಲಿ? ಅಲ್ಲೂ ಕೂರಿಗೆ.

ಈಗ ಇನ್ನೂರು ಹೊಲಗಳನ್ನೂ ಒಟ್ಟಿಗೆ ಹಾಕಿ. ನಾಟಿಯ ನೂರು ಹೊಲಗಳ ಸರಾಸರಿ: 80 ಸಲ 30, 20 ಸಲ 18, ಕೂಡಿಸಿ ನೂರರಿಂದ ಭಾಗಿಸಿದರೆ 27.6. ಕೂರಿಗೆಯದು: 20 ಸಲ 31, 80 ಸಲ 20, ನೂರರಿಂದ ಭಾಗಿಸಿದರೆ 22.2. ಒಟ್ಟಾರೆ ನೋಡಿದರೆ ನಾಟಿ ಎಕರೆಗೆ ಐದು ಕ್ವಿಂಟಲ್‌ಗೂ ಹೆಚ್ಚು ಮುಂದೆ! ಎರಡೂ ಕಡೆ ಗೆದ್ದ ಕೂರಿಗೆ ಒಟ್ಟು ಲೆಕ್ಕದಲ್ಲಿ ಸೋತಿತು. ಇದರಲ್ಲಿ ಕಣ್ಕಟ್ಟು ಇಲ್ಲ, ಮನೆಗೆ ಹೋಗಿ ನೀವೇ ಕೂಡಿ ನೋಡಿ. ನಾಟಿ ಮಾಡಿದ ಹೊಲಗಳಲ್ಲಿ ಹೆಚ್ಚಿನವು ನೀರಿದ್ದ ಹೊಲಗಳು. ನಾವು ಅಳೆದದ್ದು ನಾಟಿಯನ್ನಲ್ಲ, ನೀರನ್ನು.

ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದದ್ದರಿಂದ ಸಿಂಪ್ಸನ್ ವಿರೋಧಾಭಾಸ ಅಂತ ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶಾತಿಯ ಅಂಕಿಗಳಲ್ಲಿ ಇದು ಕಣ್ಣಿಗೆ ರಾಚುವ ಹಾಗೆ ಸಿಕ್ಕಿತು: ಒಟ್ಟಾರೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44 ಜನರಿಗೆ ಪ್ರವೇಶ, ಹೆಂಗಸರಲ್ಲಿ ಶೇ. 35. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಬಹುಪಾಲು ಕರಗಿಹೋಯಿತು, ಸೀಟು ಕಡಿಮೆ ಇದ್ದು ಪೈಪೋಟಿ ಹೆಚ್ಚಿದ್ದ ವಿಭಾಗಗಳಿಗೇ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಕೆಲವರು ಇಷ್ಟಕ್ಕೇ ನಿಲ್ಲಿಸಿ 'ತಾರತಮ್ಯವೇ ಇಲ್ಲ' ಅಂತ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೆಂಗಸರು ಆ ವಿಭಾಗಗಳಿಗೇ ಯಾಕೆ ಹೋಗುತ್ತಿದ್ದರು ಅನ್ನೋದು ಮುಂದಿನ ಪ್ರಶ್ನೆ. ಬಿಡಿಸಿ ನೋಡೋದರಿಂದ ಪ್ರಶ್ನೆ ಜಾಗ ಬದಲಿಸುತ್ತದೆ, ಮುಗಿಯೋದಿಲ್ಲ. ಯಾವುದರಿಂದ ಬಿಡಿಸಬೇಕು ಅನ್ನೋದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡೋದಿಲ್ಲ. ಕಾಲುವೆಯ ಮೇಲ್ಭಾಗ ಕೊನೆಭಾಗ ಅನ್ನೋ ಕಾಲಂ ಪ್ರಶ್ನಾವಳಿಯಲ್ಲಿ ಇರಲೇಬೇಕು ಅಂತ ತಿಳಿಯಲು ಈ ನೆಲ ಗೊತ್ತಿರಬೇಕು. ಆ ವಿಷಯದಲ್ಲಿ ನೀವು ಯಾವ ದೊಡ್ಡ ಸಂಸ್ಥೆಯವರಿಗೂ ಕಡಿಮೆಯಿಲ್ಲ.

ಪಿ-ಮೌಲ್ಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪಿ-ಮೌಲ್ಯ ಇದಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ 'ಗಮನಾರ್ಹ' ಅನ್ನುವ 0.05ರ ಗೆರೆಯನ್ನು ಜನಪ್ರಿಯ ಮಾಡಿದ್ದು ಆರ್.ಎ. ಫಿಶರ್ ಅವರ 1925ರ ಪುಸ್ತಕ. ಅಂದಹಾಗೆ, ಸಿ.ಆರ್. ರಾವ್ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಮಾಡಿದ್ದು ಇದೇ ಫಿಶರ್ ಹತ್ತಿರ. ಆ 0.05 ಅನುಕೂಲಕ್ಕೆ ಎಳೆದ ಗೆರೆ. 0.049 ಬಂದರೆ ಸತ್ಯ, 0.051 ಬಂದರೆ ಸುಳ್ಳು ಅಂತ ಅಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಇದನ್ನೇ ಹೇಳಿಕೆಯಾಗಿ ಹೊರಡಿಸಿತು. ವ್ಯತ್ಯಾಸ ಇದೆಯೋ ಇಲ್ಲವೋ ಅನ್ನೋದಕ್ಕಿಂತ ಎಷ್ಟಿದೆ, ಅಷ್ಟಿದ್ದರೆ ರೈತರಿಗೋ ರೋಗಿಗಳಿಗೋ ಏನಾದರೂ ಲಾಭವೋ ಅಂತ ಬರೆಯಿರಿ.

ಸಂದರ್ಶನ ಮಾಡುವವರಿಗೂ ಒಂದು ಮಾತು. ಒಬ್ಬ ತಾಯಿ "ನಮ್ ಮನ್ಯಾಗ ಗಂಡಮಕ್ಕಳು ಉಂಡ ಮ್ಯಾಲ ಉಳಿದ್ರ ನಾವ್ ಉಣತೀವ್ರಿ" ಅಂದರು ಅಂತಿಟ್ಟುಕೊಳ್ಳಿ. ಟಿಪ್ಪಣಿ ಪುಸ್ತಕದಲ್ಲಿ ಇದು 'ಆಹಾರದ ಕೊರತೆ ಇದೆ' ಅಂತಾಗುತ್ತದೆ, ಥೀಸಿಸ್‌ನಲ್ಲಿ 'ಪೌಷ್ಟಿಕಾಂಶದ ಅಲಭ್ಯತೆ'. ಆಕೆ ಹೇಳಿದ್ದು ಕೊರತೆಯ ಬಗ್ಗೆ ಮಾತ್ರ ಅಲ್ಲ, ಮನೆಯಲ್ಲಿ ಯಾರ ಸರದಿ ಯಾವಾಗ ಅನ್ನೋದರ ಬಗ್ಗೆ. ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. ಗೈಡ್ 'ಗ್ರಾಮ್ಯ' ಅಂತ ಕೆಂಪು ಗೆರೆ ಎಳೆದರೆ ವಿನಯದಿಂದ ಜಗಳ ಮಾಡಿ.

ಇನ್ನು ಓದುಗರ ಮುಂದೆ ಇಡುವ ಕೆಲಸ. ಅಂಕಿಗಳನ್ನು ಮಂಡಿಸಿ ಸರಕಾರವನ್ನು ಅಲ್ಲಾಡಿಸಿದ ಉದಾಹರಣೆ ನಮ್ಮ ಭಾಗದ್ದೇ ಇದೆ, ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ಪ್ರತಿ ತಾಲ್ಲೂಕಿಗೆ ಒಂದೇ ಒಂದು ಸೂಚ್ಯಂಕ ಕೊಟ್ಟರು. 114 ತಾಲ್ಲೂಕು ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಕೊನೆಯ ಸ್ಥಾನ ದೇವದುರ್ಗದ್ದು. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಅಂತ ಶಿಫಾರಸು. ಈ ವರದಿ ಓದದವರ ಬಾಯಲ್ಲೂ ಇವತ್ತಿಗೂ '39 ತಾಲ್ಲೂಕು' ಅನ್ನೋ ಮಾತಿದೆ. ಮಂಡನೆ ಅಂದರೆ ಅದು. ಹತ್ತಾರು ಅಂಕಿಗಳನ್ನು ಚೆಲ್ಲುವ ಬದಲು ಒಂದು ಅಂಕಿ, ಮೂರು ಹಣೆಪಟ್ಟಿ: ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ.

ಆದರೆ ಸಂಶೋಧಕರಾಗಿ ನಾವು ಆ ಹಣೆಪಟ್ಟಿಯ ಅಂಚನ್ನೂ ನೋಡಬೇಕು. ಗೆರೆಯ ಈಚೆ ಇರುವ ತಾಲ್ಲೂಕಿಗೂ ಆಚೆ ಇರುವ ತಾಲ್ಲೂಕಿಗೂ ಜೀವನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಾರದು, ಅನುದಾನದಲ್ಲಿ ಮಾತ್ರ ಇರುತ್ತದೆ. ಮೇಲಾಗಿ ಈಗ ತಾಲ್ಲೂಕುಗಳ ಸಂಖ್ಯೆ 230 ದಾಟಿದೆ. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು ಅಂದು ತಾಲ್ಲೂಕುಗಳೇ ಆಗಿರಲಿಲ್ಲ, ಅವುಗಳ ಹಿಂದುಳಿದಿರುವಿಕೆ ತಾಯಿ ತಾಲ್ಲೂಕಿನ ಸರಾಸರಿಯೊಳಗೆ ಸೇರಿಹೋಗಿತ್ತು.

ಮಟ್ಟ ಬೇರೆ, ಬದಲಾವಣೆ ಬೇರೆ ಅನ್ನೋದನ್ನೂ ಮಂಡನೆಯಲ್ಲಿ ಕಲಸಬೇಡಿ. ರಾಯಚೂರು 2018ರಿಂದ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಮಾಡಿದ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿಯಲ್ಲಿದೆ, ಅಲ್ಲಿನ ಡೆಲ್ಟಾ ರ್ಯಾಂಕ್ ಕೊಡೋದು ಎಷ್ಟು ಸುಧಾರಿಸಿದ್ದೀರಿ ಅನ್ನೋದಕ್ಕೆ, ಎಲ್ಲಿದ್ದೀರಿ ಅನ್ನೋದಕ್ಕಲ್ಲ. ಸಾಕ್ಷರತೆ ನೋಡಿ. ಜಿಲ್ಲೆಯಲ್ಲಿ 2001ರಲ್ಲಿ ಶೇ. 48.81 ಇತ್ತು, 2011ರಲ್ಲಿ 59.56. 'ಸುಮಾರು 11 ಶೇಕಡಾ ಅಂಶ ಏರಿತು' ಅಂದರೂ ನಿಜ, 'ಶೇ. 22ರಷ್ಟು ಏರಿತು' ಅಂದರೂ ನಿಜ. ಎರಡನೆಯದು ಪತ್ರಿಕೆಯ ತಲೆಬರಹಕ್ಕೆ ಚೆಂದ. ನೀವು ಯಾವುದನ್ನು ಬರೆದಿರಿ ಅನ್ನೋದು ಓದುವವರಿಗೆ ಗೊತ್ತಾಗಬೇಕು. ಅಷ್ಟಾದ ಮೇಲೂ 2011ರಲ್ಲಿ ಗಂಡಸರ ಸಾಕ್ಷರತೆ 70.47, ಹೆಂಗಸರದು 48.73. 59.56 ಅನ್ನೋ ಒಂದು ಅಂಕಿಯೊಳಗೆ ಎರಡು ಜಿಲ್ಲೆಗಳಿವೆ.

ಚಿತ್ರಗಳ ಮಾತು. 2011ರ ಸಾಕ್ಷರತೆ ರಾಯಚೂರಿನದು 59.56, ಬಳ್ಳಾರಿಯದು 67.43, ಕೊಪ್ಪಳದ್ದು 68.09. ಇದನ್ನು ಕಂಬದ ನಕ್ಷೆ ಮಾಡಿ, ಎಡಗಡೆಯ ಅಕ್ಷವನ್ನು ಸೊನ್ನೆಯ ಬದಲು 55ರಿಂದ ಶುರು ಮಾಡಿ. ರಾಯಚೂರಿನ ಕಂಬ ನಾಲ್ಕೂವರೆ ಅಂಶದಷ್ಟು ಎತ್ತರ, ಕೊಪ್ಪಳದ್ದು ಹದಿಮೂರು. ನೋಡಿದವರಿಗೆ ಕೊಪ್ಪಳ ಮೂರು ಪಟ್ಟು ಓದಿದ ಜಿಲ್ಲೆ ಅನ್ನಿಸುತ್ತದೆ. ಅಂಕಿ ಒಂದೂ ಸುಳ್ಳಲ್ಲ. ಸಾಫ್ಟ್‌ವೇರ್ ಎಷ್ಟೋ ಸಲ ತಾನಾಗಿಯೇ ಹೀಗೆ ಅಕ್ಷ ಕತ್ತರಿಸುತ್ತದೆ, ನೋಡಿ ಸರಿ ಮಾಡಿ. ಒಂಬತ್ತು ಹೋಳಿನ ಪೈ ಚಾರ್ಟ್, ಉಬ್ಬಿದ ತ್ರಿ-ಡಿ ಕಂಬಗಳು ದಯವಿಟ್ಟು ಬೇಡ. ಬಣ್ಣ ಹಾಕುವ ಮೊದಲು ಒಮ್ಮೆ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ ನೋಡಿ. ನಿಮ್ಮ ಥೀಸಿಸ್ ಮುಂದೆ ಓದುವ ಬಡ ವಿದ್ಯಾರ್ಥಿಗೆ ಸಿಗೋದು ಆ ಜೆರಾಕ್ಸ್ ಪ್ರತಿ, ಅದರಲ್ಲಿ ಕೆಂಪು ಹಸಿರು ಎರಡೂ ಒಂದೇ ಬೂದಿ. ಹಾಗೇ, ಹಳೆಯ ನುಡಿ ಫಾಂಟಿನಲ್ಲಿ ಊರ ಹೆಸರು ತುಂಬಿದ ಎಕ್ಸೆಲ್ ಹಾಳೆಯನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸಿಹೋಗೋದನ್ನು ಅನುಭವಿಸಿದವರು ಇಲ್ಲಿ ನಗ್ತಾ ಇದ್ದೀರಿ. ಯುನಿಕೋಡ್‌ನಲ್ಲೇ ತುಂಬಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಸ್ವಸಹಾಯ ಸಂಘಕ್ಕ ಸೇರಿದ ಮ್ಯಾಲ ಆದಾಯ ಹೆಚ್ಚಾಗಿರಬೇಕು ಅಂತ ಊಹೆ ಇಟ್ಕೊಂಡಿದ್ದೆ. ದತ್ತಾಂಶದಾಗ ಏನೂ ವ್ಯತ್ಯಾಸ ಬರವಲ್ದು. ಥೀಸಿಸ್ ಕೆಟ್ಟೋಯ್ತೇನ್ರಿ?" ಕೆಡೋದಿಲ್ಲ. ಊಹೆ ನಿಜವಾಗಲೇಬೇಕು ಅಂತಿದ್ದರೆ ಹಳ್ಳಿ ಸುತ್ತುವ ಅಗತ್ಯವೇ ಇರಲಿಲ್ಲ. ಬಾರದ ವ್ಯತ್ಯಾಸವನ್ನು ಬರಿಸಲು ದತ್ತಾಂಶವನ್ನು ವಯಸ್ಸು, ಜಾತಿ, ಊರು ಅಂತ ಕತ್ತರಿಸುತ್ತಾ ಹೋದರೆ ಎಲ್ಲಾದರೂ ಒಂದು ಕಡೆ 0.05ಕ್ಕಿಂತ ಕಡಿಮೆ ಬಂದೇ ಬರುತ್ತದೆ, ಇಪ್ಪತ್ತು ಸಲ ಹುಡುಕಿದರೆ ಸರಾಸರಿ ಒಂದು ಸಲ ಸುಮ್ಮನೇ ಸಿಗುತ್ತದೆ. ಹಾಗೆ ಸಿಕ್ಕಿದ್ದನ್ನು ಮೊದಲೇ ಊಹಿಸಿದ್ದೆ ಅಂತ ಬರೆಯಬೇಡಿ. ಆದಾಯ ಹೆಚ್ಚಲಿಲ್ಲ ಅನ್ನೋದನ್ನೇ ಬರೆಯಿರಿ, ಬಡ್ಡಿ ಸಾಲದ ಹೊರೆ ಏನಾದರೂ ಇಳಿಯಿತಾ ಅಂತ ಮುಂದಿನವರು ನೋಡಲಿ.

ಇನ್ನೊಬ್ಬರು ಮಾದರಿಯ ಗಾತ್ರ ಕೇಳಿದರು. "ನಮ್ ಗೈಡ್ 384 ತಗೊಳ್ರಿ ಅಂದಾರ್ರಿ." ಈ 384 ನಮ್ಮ ಥೀಸಿಸ್‌ಗಳಲ್ಲಿ ಮಂತ್ರದ ಹಾಗೆ ಬರುತ್ತದೆ. ಅದು ಹುಟ್ಟೋದು ಹೀಗೆ: 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿ. ಅಂದರೆ ದೊಡ್ಡ ಜನಸಮೂಹದಿಂದ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸಿದರೆ, ಒಟ್ಟು ಮಾದರಿಯ ಒಂದು ಶೇಕಡಾವಾರು ಅಂಕಿಗೆ ಆಚೀಚೆ 5 ಅಂಶದೊಳಗೆ, ನೂರಕ್ಕೆ 95ರ ಭರವಸೆ. ನೀವು ಆ 384ನ್ನು ರಾಯಚೂರಿನ ಹಳೆಯ ಐದು ತಾಲ್ಲೂಕುಗಳಿಗೆ ಹಂಚಿ ತಾಲ್ಲೂಕುಗಳನ್ನು ಹೋಲಿಸುತ್ತೀರಿ ಅಂದರೆ, ಒಂದೊಂದಕ್ಕೆ ಬರೋದು 77 ಜನ, ಆಗ ಆಚೀಚೆ 5 ಹೋಗಿ 11 ಆಗುತ್ತದೆ. ಸಿಂಧನೂರಿನಲ್ಲಿ ಶೇ. 40, ಮಾನ್ವಿಯಲ್ಲಿ ಶೇ. 48 ಬಂತು ಅಂತ ಅಷ್ಟರಿಂದ ಏನೂ ಹೇಳಲಾಗದು. ಊರಿಗೊಂದು ಗುಂಪು ಅಂತ ಆರಿಸಿದರೆ ಒಂದೇ ಊರಿನವರು ಒಂದೇ ಥರ ಉತ್ತರಿಸುವುದರಿಂದ ಆ ಆಚೀಚೆಯ ಅಂತರ ಇನ್ನೂ ಹಿಗ್ಗುತ್ತದೆ. ಹಾಗಾಗಿ ತಾಲ್ಲೂಕು ಹೋಲಿಕೆಯೇ ನಿಮ್ಮ ಮುಖ್ಯ ಪ್ರಶ್ನೆಯಾದರೆ ಎರಡೇ ತಾಲ್ಲೂಕು ಇಟ್ಟುಕೊಂಡು ಒಂದೊಂದರಲ್ಲಿ 190ರಷ್ಟು ತಗೊಳ್ಳಿ, ಊರುಗಳ ಸಂಖ್ಯೆ ಹೆಚ್ಚಿಸಿ ಊರಿಗೆ ಜನ ಕಡಿಮೆ ಮಾಡಿ. ಓಡಾಟದ ಖರ್ಚು ಹೆಚ್ಚುತ್ತದೆ, ಅದನ್ನು ಗೈಡ್ ಜೊತೆ ಈಗಲೇ ಮಾತಾಡಿಕೊಳ್ಳಿ.